ಷಡ್ಡಕ ಆರಿಸಿದ ಆಟ

ತನ್ನ ಅತ್ತೆಗೆ ನಗಲು ಬರುವುದಿಲ್ಲ ಎಂದು ದೊಡ್ಡಳಿಯ ನಂಬಿಕೊಂಡಿದ್ದ. ನಂಬಿಕೊಂಡು ಸುಖವಾಗಿಯೂ ಇದ್ದ. ಅತ್ತೆ ರೈಲ್ವೆಯ ನಿಯಂತ್ರಣ ಕೊಠಡಿಯಲ್ಲಿ ಕೂತು, ಯಾವ ಗಾಡಿ ಯಾವ ಹಳಿಗೆ ಬರಬೇಕು, ಯಾವುದು ಹೊರಗೆ ನಿಂತು ಕಾಯಬೇಕು ಎಂದು ಹೇಳುತ್ತಲೇ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೆ, ಮಾತು ಕೇಳುವ ಗಾಡಿಗಳಿಲ್ಲದೆ ಮನೆಯವರನ್ನೇ ಆ ಕಡೆ ಈ ಕಡೆ ಓಡಿಸಲು ಶುರುಮಾಡಿದಾಗ, ಅವರ ಮುಂದೆ ಮೊದಲ ಬೋರ್ಡ್ ಗೇಮ್ ತಂದಿಟ್ಟವನು ಈ ಹಲ್ಲಿನ ಡಾಕ್ಟರ್ ಅಳಿಯನೇ.

ಹಾವು ಏಣಿಯಂಥ ಆಟವಲ್ಲ. ಪ್ರತಿಯೊಬ್ಬರ ಕೈಗೂ ನಾಲ್ಕೈದು ಮರದ ಆಳುಗಳು. ಸರದಿ ಬಂದಾಗ ಒಂದು ಆಳನ್ನು ಹಲಗೆಯ ಮೇಲಿನ ಯಾವುದಾದರೊಂದು ಕೆಲಸಕ್ಕೆ ನಿಲ್ಲಿಸಬೇಕು: ಕಲ್ಲು ಒಡೆಯುವುದಕ್ಕೋ, ದೋಣಿ ಕಟ್ಟುವುದಕ್ಕೋ. ಒಬ್ಬರು ನಿಂತ ಜಾಗಕ್ಕೆ ಆ ಸುತ್ತಿನಲ್ಲಿ ಇನ್ನೊಬ್ಬರು ಕಾಲಿಡುವಂತಿಲ್ಲ. ಅತ್ತೆಗೆ ಅದು ಮೊದಲ ದಿನವೇ ಹಿಡಿಸಿಬಿಟ್ಟಿತು. ಅಂದಿನಿಂದ ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿದ ತಕ್ಷಣ ಆಟ. ಮಾವ ಸೋಫಾದಲ್ಲಿ ಗೊರಕೆ, ಹೆಂಡತಿ ಒಳಗೆ ಪುಸ್ತಕ, ಮೇಜಿನ ಎದುರುಬದುರು ಅತ್ತೆ ಮತ್ತು ಅಳಿಯ. ಒಂದು ಆಟ ಹಳತಾದರೆ ಮುಂದಿನದನ್ನು ಆರಿಸುವುದು ಅವನ ಹಕ್ಕು. ದಾಳ ಉರುಳಿಸುವುದೆಂದರೆ ಅತ್ತೆಗೆ ಆಗದು, ಇಸ್ಪೀಟಿನಂತೆ ಎಲೆ ಎಳೆಯುವುದೂ ಆಗದು, ನಿಯಮ ಎಷ್ಟು ಜಟಿಲವಾಗಿದ್ದರೂ ಪರವಾಗಿಲ್ಲ; ಅದೆಲ್ಲ ಅವನಿಗೆ ಬಾಯಿಪಾಠ. ಇನ್ನೊಂದು ವಿಷಯವೂ ಅವನಿಗೆ ಮಾತ್ರ ಗೊತ್ತಿತ್ತು, ಅಥವಾ ಹಾಗೆಂದುಕೊಂಡಿದ್ದ: ಆಟ ಮುಗಿಯುವ ಹೊತ್ತಿಗೆ ಕೂದಲೆಳೆಯಷ್ಟು ಅಂತರದಲ್ಲಿ ಅತ್ತೆ ಗೆಲ್ಲುವಂತೆ ನೋಡಿಕೊಳ್ಳುವುದು. ಅದನ್ನವನು ಹಲ್ಲಿನ ಬೇರು ಶುಚಿ ಮಾಡುವಷ್ಟೇ ನಾಜೂಕಾಗಿ ಮಾಡುತ್ತಿದ್ದ. ಗೆದ್ದ ಅತ್ತೆ "ಹೂಂ" ಅನ್ನುತ್ತಿದ್ದರು. ಆ ಹೂಂ ಅವನಿಗೆ ವಾರವಿಡೀ ಸಾಕಾಗುತ್ತಿತ್ತು.

ಆಮೇಲೆ ನಾದಿನಿಯ ಮದುವೆಯಾಯಿತು. ಚಿಕ್ಕಳಿಯ ಬಂದ.

ಚಿಕ್ಕಳಿಯ ಈಜು ಕಲಿಸುವವನು. ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬರುವಷ್ಟು ಎತ್ತರ, ಕೊಳದ ಆ ದಡಕ್ಕೆ ಕೇಳಿಸುವಂಥ ಗಂಟಲು. ದೊಡ್ಡಳಿಯ ಮನಸ್ಸಿನಲ್ಲೇ ಅವನಿಗೆ 'ಮೀನು' ಎಂದು ಹೆಸರಿಟ್ಟ. ಮೀನು ಮೊದಲ ಭಾನುವಾರವೇ ನಿಯಮದ ಪುಸ್ತಕ ತಲೆಕೆಳಗು ಹಿಡಿದು, ತನ್ನ ಆಳುಗಳನ್ನೆಲ್ಲ ಬೇಡದ ಕಡೆ ನಿಲ್ಲಿಸಿ, ಹೀನಾಯವಾಗಿ ಸೋತ. ಸೋತು, "ಅತ್ತೆ, ನನ್ನ ಆಳುಗಳಿಗೆ ಊಟ ಹಾಕ್ಲಿಲ್ಲ ಅಂತ ನೀವೇ ಹೇಳಿ ಕೆಲಸ ಬಿಡಿಸಿದ್ರಿ ಅಲ್ವಾ? ನಿಜ ಹೇಳಿ!" ಎಂದು ಮೇಜಿನ ಮೇಲೆ ತಲೆಯಿಟ್ಟು ಅತ್ತಂತೆ ಮಾಡಿದ.

ಅತ್ತೆ ನಕ್ಕರು. ಮುಗುಳ್ನಗೆ ಗಿಗುಳ್ನಗೆ ಅಲ್ಲ. ಭುಜ ಕುಲುಕಿ, ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಳ್ಳುವಂಥ ನಗು. ಸೋಫಾದ ಮೇಲಿದ್ದ ಮಾವ ಎಚ್ಚೆತ್ತು, ಏನಾಯಿತೋ ಎಂದು ಗಾಬರಿಯಾದರು.

ಮನೆಗೆ ಹೋಗುವಾಗ ದೊಡ್ಡಳಿಯ ಕಾರಿನಲ್ಲಿ ತುಟಿ ಬಿಚ್ಚಲಿಲ್ಲ. "ಹೊಟ್ಟೆ ಸರಿಯಿಲ್ವಾ?" ಎಂದು ಹೆಂಡತಿ ಕೇಳಿದಳು. ಹೊಟ್ಟೆ ನಿಜಕ್ಕೂ ಸರಿಯಿರಲಿಲ್ಲ, ಆದರೆ ಅವಳು ಅಂದುಕೊಂಡ ರೀತಿಯಲ್ಲಲ್ಲ.

ಹೀಗೆ ತಿಂಗಳುಗಳು ಕಳೆದವು. ಮೀನು ಸೋಲುತ್ತಿದ್ದ, ಅತ್ತೆ ನಗುತ್ತಿದ್ದರು, ದೊಡ್ಡಳಿಯ ಒಳಗೊಳಗೇ ಕುದಿಯುತ್ತಿದ್ದ. ರೋಗಿಗಳಿಗೆಲ್ಲ "ಹಲ್ಲು ಕಡೀಬೇಡಿ, ಸವೆದುಹೋಗ್ತವೆ" ಎಂದು ಬುದ್ಧಿ ಹೇಳುವವನು ಭಾನುವಾರ ಸಂಜೆ ತನ್ನದೇ ದವಡೆ ಹಿಡಿದು ನೀವಿಕೊಳ್ಳುತ್ತಿದ್ದ.

ಒಂದು ಭಾನುವಾರ ಅತ್ತೆ ಹಲಗೆ ಮಡಿಸುತ್ತ ಹೇಳಿದರು: "ಇದು ಸಾಕಾಯ್ತು. ಹೊಸದು ತರಬೇಕು. ಚೆನ್ನಾಗಿ ತಲೆ ತಿನ್ನೋ ಅಂಥದ್ದು."

"ನಾನು ಆಗ್ಲೇ ಎರಡು ಮೂರು ನೋಡಿಟ್ಟಿದೀನಿ ಅತ್ತೆ," ಎಂದ ದೊಡ್ಡಳಿಯ.

"ಈ ಸಲ ಅವನು ಆರಿಸ್ಲಿ," ಎಂದು ಅತ್ತೆ ಮೀನಿನ ಕಡೆ ಗಲ್ಲ ಎತ್ತಿದರು. "ಯಾವಾಗ್ಲೂ ನೀವೇ ಆರಿಸ್ತೀರಿ. ನೀವೂ ಸ್ವಲ್ಪ ಆರಾಮಾಗಿರಿ."

ಆರಾಮ! ನಿಲ್ದಾಣಕ್ಕೆ ಬರುತ್ತಿದ್ದ ಗಾಡಿಗೆ ಕೆಂಪು ದೀಪ ಹಾಕಿ ಹೊರಗೆ ನಿಲ್ಲಿಸಿದಂತಾಯಿತು. ಮೀನು ಮಾತ್ರ ಬಹುಮಾನ ಬಂದವನಂತೆ ಎದ್ದು ನಿಂತು, ಫೋನು ಒತ್ತಿ ಒತ್ತಿ ಹುಡುಕಿ, "ಉಪ್ಪಿನ ಬಂದರು!" ಎಂದು ಕೂಗಿದ. "ಎಲ್ಲರೂ ಇದನ್ನೇ ಹೊಗಳ್ತಿದಾರೆ. ಉಪ್ಪು ಬೆಳೀಬೇಕು, ಹಡಗಿಗೆ ತುಂಬಬೇಕು, ಉಬ್ಬರ ಇಳಿತ ನೋಡ್ಕೊಂಡು ಆಳು ನಿಲ್ಲಿಸ್ಬೇಕು. ದಾಳ ಇಲ್ಲ!"

ದೊಡ್ಡಳಿಯ ನೋಡಿಟ್ಟಿದ್ದ ಎರಡು ಮೂರರಲ್ಲಿ ಮೊದಲನೆಯದು ಅದೇ ಆಗಿತ್ತು. ಅದಕ್ಕೇ ಹೊಟ್ಟೆ ಇನ್ನೂ ಚೆನ್ನಾಗಿ ಉರಿಯಿತು.

ಮರುದಿನ ಇಬ್ಬರು ರೋಗಿಗಳ ನಡುವೆ ಬಿಡುವು ಸಿಕ್ಕಾಗ ಅವನು ಬಿಳಿ ಕೋಟು ಬಿಚ್ಚದೆಯೇ ಆಟಗಳ ಅಂಗಡಿಗೆ ಓಡಿದ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದ ಅಂಗಡಿಯಾಕೆ ಅವನನ್ನು ವರ್ಷಗಳಿಂದ ಬಲ್ಲವಳು. "ಉಪ್ಪಿನ ಬಂದರು ಇದೆಯಾ?" ಎಂದು ಕೇಳಿದ. ಇತ್ತು, ಒಂದೇ ಒಂದು. ಅವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ, ರೋಗಿಗಳ ದವಡೆಯ ಅಚ್ಚುಗಳನ್ನು ಸಾಲಾಗಿ ಇಟ್ಟ ಕಡೆ, ಅವುಗಳ ಹಿಂದೆ ಪೆಟ್ಟಿಗೆ ಅಡಗಿಸಿದ. ಸುಣ್ಣದ ಹಲ್ಲುಗಳೆಲ್ಲ ತನ್ನನ್ನೇ ನೋಡಿ ಕಿಸಿದಂತೆ ಅನ್ನಿಸಿ, ಬಾಗಿಲು ಹಾಕಿದ.

ಊಟದ ಬಿಡುವಿನಲ್ಲಿ ಅದನ್ನು ತೆರೆಯದೆ ಇರಲಾಗಲಿಲ್ಲ. ಹಲ್ಲಿನ ಕುರ್ಚಿಯ ತಟ್ಟೆಯ ಮೇಲೆ ಹಲಗೆ ಬಿಡಿಸಿ, ದೀಪ ಎಳೆದುಕೊಂಡು, ಮೂವರ ಪಾಲಿನ ಆಟವನ್ನೂ ತಾನೇ ಆಡಿದ. ಅದ್ಭುತವಾದ ಆಟ. ಮೀನಿಗೆ ಇಷ್ಟು ಒಳ್ಳೆಯ ಆಟ ಹೊಳೆದದ್ದಾದರೂ ಹೇಗೆ ಎಂದು ಮತ್ತೆ ಹೊಟ್ಟೆಯುರಿಯಿತು.

ಎರಡು ದಿನ ಬಿಟ್ಟು ಮೀನಿನ ಫೋನು ಬಂತು. "ಭಾವ, ಎಲ್ಲೂ ಸಿಗ್ತಿಲ್ಲ! ಅತ್ತೆ ಮುಂದೆ ಮರ್ಯಾದೆ ಹೋಗತ್ತೆ. ನಿಮಗೆ ಆ ಅಂಗಡಿಯವರು ಗೊತ್ತಲ್ಲ, ಒಂಚೂರು ಜೊತೆಗೆ ಬನ್ನಿ."

ಇಲ್ಲವೆನ್ನಲು ನೆಪ ಸಿಗಲಿಲ್ಲ. ಅಂಗಡಿಯ ಬಾಗಿಲು ದಾಟುವಾಗ ದೊಡ್ಡಳಿಯ ಮೀನಿನ ಬೆನ್ನ ಹಿಂದೆ ಸರಿದುಕೊಂಡ. ಮೀನು ತನ್ನ ಕಷ್ಟ ಹೇಳಿಕೊಂಡ. ಅಂಗಡಿಯಾಕೆ ಹಣೆಯ ಮೇಲಿನ ಕನ್ನಡಕ ಇಳಿಸಿ, ದೊಡ್ಡಳಿಯನನ್ನು ಒಂದು ಗಳಿಗೆ ನೋಡಿದಳು.

"ಒಂದಿತ್ತು. ಯಾರೋ ಬಂದು ತಗೊಂಡ್ರು," ಎಂದಳು. "ತುಂಬಾ ಅವಸರದಲ್ಲಿದ್ರು, ಪಾಪ."

ಆ ಪಾಪ ಎಂಬ ಮಾತು ದೊಡ್ಡಳಿಯನ ಬೆನ್ನಿಗೆ ಬಂದು ತಾಗಿತು. ಅವನು ಗಡಿಬಿಡಿಯಿಂದ ಕಪಾಟಿನ ಕಡೆ ತಿರುಗಿ ಬೇರೆ ಆಟಗಳನ್ನು ತೋರಿಸತೊಡಗಿದ. ಇದು ಗಾಜಿನ ಕಾರ್ಖಾನೆಯದು, ಚೆನ್ನಾಗಿದೆ, ಆದರೆ ಇಬ್ಬರಿಗೇ ಸರಿ. ಇದು ಗಣಿಯದು, ನಿಯಮ ಜಾಸ್ತಿ, ಆಟ ಕಡಿಮೆ. ಇದರಲ್ಲಿ ಯಾರ ಜಾಗವನ್ನೂ ಯಾರೂ ತಡೆಯುವುದಿಲ್ಲ, ಅತ್ತೆಗೆ ಸಪ್ಪೆ ಅನ್ನಿಸುತ್ತೆ. ಮೀನು ಬಾಯಿ ತೆರೆದುಕೊಂಡು ಕೇಳುತ್ತಿದ್ದ.

"ನಿಮ್ಮ ತಲೇಲಿ ಇದೆಲ್ಲ ಹೆಂಗೆ ಕೂರತ್ತೆ ಭಾವ?" ಎಂದ. "ನನಗೆ ನಿಯಮ ಓದಿದ್ರೆ ನಿದ್ದೆ ಬರತ್ತೆ. ನೀವೇ ಆರಿಸಿದ್ರೆ ಚೆನ್ನಾಗಿತ್ತು ಅಂತ ಅತ್ತೇಗೂ ಹೇಳ್ದೆ. ಅವರು ಕೇಳ್ಲಿಲ್ಲ."

"ಏನಂದ್ರು?" ದೊಡ್ಡಳಿಯ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಡಲಿಲ್ಲ.

ಮೀನು ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ. 'ನಿಮ್ಮ ಭಾವ ಆಟ ಆರಿಸೋವಾಗ್ಲೇ ನಾನು ಗೆಲ್ಲೋ ಥರದ್ದು ಆರಿಸ್ತಾರೆ, ಆಮೇಲೆ ಬೇಕು ಅಂತ ಸೋಲ್ತಾರೆ. ಮೊದಲ್ನೇ ಆಟದಿಂದ ನೋಡ್ತಿದೀನಿ. ನನ್ನನ್ನ ಹಾಲುಹಲ್ಲಿನ ಮಗು ಅಂದ್ಕೊಂಡಿದಾರೆ. ನೀನಾದ್ರೂ ಪ್ರಾಣ ಬಿಟ್ಟು ಆಡಿ ಸೋಲ್ತೀಯ' ಅಂದ್ರು."

ದೊಡ್ಡಳಿಯ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟ. ಕಿವಿಯೆಲ್ಲ ಬಿಸಿಯಾಗಿತ್ತು. ಇಷ್ಟು ವರ್ಷ ತಾನು ನಾಜೂಕಾಗಿ ಕೊಟ್ಟ ಉಡುಗೊರೆಗಳನ್ನೆಲ್ಲ ಅತ್ತೆ ಒಂದೊಂದಾಗಿ ಗುರುತಿಸಿ, ಆ ಹೂಂ ಎಂಬ ಒಂದಕ್ಷರದಲ್ಲಿ ತಿರುಗಿಸಿ ಕೊಡುತ್ತಿದ್ದರೆಂದಾಯಿತು. ಮೀನು ಮಾತ್ರ ತನ್ನ ಪೆದ್ದುತನದಿಂದಲೇ ಆ ಮನೆಯಲ್ಲಿ ಜಾಗ ಹಿಡಿದಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ, ಬಿಡಲೂ ಆಗದೆ, "ಇನ್ನೂ ಟೈಮಿದೆ, ನೋಡೋಣ" ಎಂದು ಖಾಲಿ ಕೈಯಲ್ಲಿ ಹೊರಗೆ ಬಂದ.

ಶನಿವಾರ ಅವನ ಹೆಂಡತಿ ಹಲ್ಲಿಗೆ ತುಂಬಿದ್ದ ಸಿಮೆಂಟು ಬಿದ್ದುಹೋಯಿತೆಂದು ಸರಿಮಾಡಿಸಿಕೊಳ್ಳಲು ಕ್ಲಿನಿಕ್ಕಿಗೆ ಬಂದಳು. ಅವನು ಕೈ ತೊಳೆಯಲು ಹೋದಾಗ ಬಾಯಿ ನೋಡಿಕೊಳ್ಳಲು ಕನ್ನಡಿ ಹುಡುಕುತ್ತ ಬೀರು ತೆರೆದಳು. ಅವನು ತಿರುಗಿ ಬಂದಾಗ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು.

"ತಂಗಿ ಗಂಡ ವಾರದಿಂದ ಊರೆಲ್ಲಾ ಹುಡುಕ್ತಿರೋದು ಇದನ್ನೇ ಅಲ್ವಾ?"

ಅವನು ಟವೆಲ್ಲಿನಲ್ಲಿ ಕೈ ಒರೆಸುತ್ತಲೇ ಇದ್ದ. ಕೈ ಯಾವಾಗಲೋ ಒಣಗಿತ್ತು.

"ಗಂಡಸರು ಹೊಟ್ಟೆಕಿಚ್ಚು ಪಡೋದು ಹೆಂಡ್ತಿ ವಿಷಯಕ್ಕೆ ಅಂತ ಕೇಳಿದ್ದೆ," ಎಂದಳು ಅವಳು. "ನೀವು ನೋಡಿದ್ರೆ ನಮ್ಮಮ್ಮನಿಗೋಸ್ಕರ! ನಾನಿಲ್ಲಿ ಅರ್ಧ ಹಲ್ಲಿಟ್ಕೊಂಡು ಕೂತಿದೀನಿ, ನನಗೋಸ್ಕರಾನೂ ಸ್ವಲ್ಪ ಪಡಿ."

ಅವನಿಗೆ ನಗುವೂ ಬಂತು, ಅವಮಾನವೂ ಆಯಿತು. ಅವಳ ಹಲ್ಲು ಸರಿಮಾಡಿದ. ಪೆಟ್ಟಿಗೆಯನ್ನು ಅವಳೇ ಕಾರಿಗೆ ಒಯ್ದಳು.

ಭಾನುವಾರ ಮೇಜಿನ ಮೇಲೆ ಅದನ್ನಿಟ್ಟು, "ನಿಮ್ಮ ದೊಡ್ಡಳಿಯ ತಂದಿದ್ದು" ಎಂದಷ್ಟೇ ಹೇಳಿದಳು. ಮೀನು ಹಾರಿ ಬಂದು ಷಡ್ಡಕನನ್ನು ಅಪ್ಪಿಕೊಂಡ. "ನನಗೋಸ್ಕರ ಹುಡುಕಿ ತಂದ್ರಲ್ಲ ಭಾವ!" ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಆ ಅಪ್ಪುಗೆಯ ಆಚೆಯಿಂದ ಅತ್ತೆ, ಆಗಲೇ ಬಿಚ್ಚಿ ಆಡಿದ್ದ ಪೆಟ್ಟಿಗೆಯನ್ನೂ ಅಳಿಯನ ಮುಖವನ್ನೂ ನೋಡಿದರು. ಎಲ್ಲ ಅರ್ಥವಾದಂತೆ ಒಮ್ಮೆ ಮೂಗಿನಲ್ಲಿ ಉಸಿರು ಬಿಟ್ಟು ಕೂತರು.

ಆಟ ಶುರುವಾಯಿತು. ನಡುವಿನ ಹೊತ್ತಿಗೆ ಅತ್ತೆಯ ಉಪ್ಪು ರಾಶಿಯಾಗಿ ಬಿದ್ದಿತ್ತು. ಇಳಿತ ಶುರುವಾಗುವ ಮುಂಚೆ ಹಡಗುಕಟ್ಟೆಯ ಜಾಗ ಅವರಿಗೆ ಸಿಗಲೇಬೇಕು; ಇಲ್ಲದಿದ್ದರೆ ಮುಂದಿನ ಉಬ್ಬರಕ್ಕೆ ಉಪ್ಪೆಲ್ಲ ನೀರುಪಾಲು. ದೊಡ್ಡಳಿಯನ ಕೈ ಅಭ್ಯಾಸಬಲದಿಂದ ಬೇರೆಲ್ಲೋ ಹೋಗುತ್ತಿತ್ತು. ಅತ್ತೆ ಹಲಗೆಯಿಂದ ಕಣ್ಣೆತ್ತದೆ, "ನನಗೆ ದಾರಿ ಬಿಡೋಕೆ ನೋಡ್ಬೇಡಿ," ಎಂದರು ಮೆಲ್ಲಗೆ.

ಅವನು ತನ್ನ ಆಳನ್ನು ಎತ್ತಿ ಹಡಗುಕಟ್ಟೆಯ ಮೇಲೆ ನಿಲ್ಲಿಸಿದ.

"ಅಯ್ಯೋ!" ಎಂದ ಮೀನು.

ಅತ್ತೆ ಮೇಜು ಗುದ್ದಿದರು. ಆಳುಗಳು ಜಿಗಿದು ಬಿದ್ದವು. "ಅಲ್ರೀ, ಅದು ನನ್ನ ಜಾಗ! ಅಷ್ಟೂ ಉಪ್ಪು ಕರಗಿಹೋಗತ್ತೆ! ಮನುಷ್ಯರೇನ್ರೀ ನೀವು?"

"ನಿಯಮ ಅತ್ತೆ."

"ನಿಯಮ ನನಗೆ ಹೇಳ್ಕೊಡ್ತೀರಾ?"

ಅಲ್ಲಿಂದ ಮುಂದೆ ಅದು ಯುದ್ಧವೇ. ಅತ್ತೆ ಅವನ ಗೋದಾಮಿಗೆ ಅಡ್ಡಗಟ್ಟಿದರು, ಅವನು ಅವರ ಹಡಗಿಗೆ ಅಡ್ಡಗಟ್ಟಿದ. ಮೀನು ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತ, ತಮಾಷೆ ಮಾಡುವುದನ್ನೇ ಮರೆತುಬಿಟ್ಟ. ಕೊನೆಗೆ ದೊಡ್ಡಳಿಯ ಗೆದ್ದ, ಕೂದಲೆಳೆಯಷ್ಟರಲ್ಲಲ್ಲ, ಭಾರಿ ಅಂತರದಲ್ಲಿ. ಅತ್ತೆ ನಗಲಿಲ್ಲ. ಹೂಂ ಅನ್ನಲೂ ಇಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಒಳಗೆ ಹೋದವರು, ಅವರೆಲ್ಲ ಹೊರಟಾಗಲೂ ಬಾಗಿಲಿಗೆ ಬರಲಿಲ್ಲ.

ಸೋಮವಾರ ಅವನು ರೋಗಿಯೊಬ್ಬರ ಬಾಯಿಯಲ್ಲಿ ಹತ್ತಿ ತುರುಕಿ ಕೂತಿದ್ದಾಗ ಫೋನು ಬಂತು.

"ಆ ಹಡಗುಕಟ್ಟೆಗೆ ಹೋಗೋ ಮುಂಚೆ ಹಗ್ಗ ಇರ್ಬೇಕಿತ್ತು ನಿಮ್ಹತ್ರ. ಇತ್ತಾ?" ನಮಸ್ಕಾರವಿಲ್ಲ, ಏನಿಲ್ಲ. ರಾತ್ರಿಯಿಡೀ ಅದನ್ನೇ ಕುದಿಸಿದ ದನಿ.

"ಇತ್ತು ಅತ್ತೆ. ಎರಡು."

ಆ ಕಡೆ ನಿಯಮದ ಪುಸ್ತಕದ ಹಾಳೆ ಮಗುಚಿದ ಸದ್ದು. "ಗುರುವಾರ ಸಂಜೆ ಬನ್ನಿ. ಭಾನುವಾರದವರೆಗೆ ನನ್ನ ಕೈಲಿ ಕಾಯೋಕಾಗಲ್ಲ. ನಿಮಗೆ ತೋರಿಸ್ತೀನಿ."

ಅವನ ಎದೆ ಹಿಗ್ಗಿತು. ಅವರಿಬ್ಬರೇ, ಮೊದಲಿನ ಹಾಗೆ, ಆದರೆ ಮೊದಲಿಗಿಂತ ಚೆನ್ನಾಗಿ. ಕುರ್ಚಿಯಲ್ಲಿದ್ದ ರೋಗಿ ಹತ್ತಿಯ ಸಂದಿಯಿಂದ ಏನೋ ಗೊಣಗಿದ.

"ಹಾಂ, ಅವನಿಗೂ ಹೇಳಿಬಿಡಿ," ಎಂದರು ಅತ್ತೆ. "ಅವನಿಲ್ದಿದ್ರೆ ಕೊನೇ ಸ್ಥಾನಕ್ಕೆ ಬರೋರು ಯಾರು?"

ಫೋನು ಇಟ್ಟರು. ಹಳೆಯ ಉರಿ ಹೊಟ್ಟೆಯಲ್ಲಿ ಸಣ್ಣಗೆ ಎದ್ದಿತು, ಪೂರ್ತಿ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ದೊಡ್ಡಳಿಯ ರೋಗಿಯ ಹಲ್ಲು ಮುಗಿಸಿದ, ಆಮೇಲೆ ಇನ್ನೊಬ್ಬರದು, ಆಮೇಲೆ ಇನ್ನೊಬ್ಬರದು. ಮೀನಿಗೆ ಫೋನು ಮಾಡಿದ. ಆದರೆ ಬುಧವಾರ ಸಂಜೆಯವರೆಗೆ ಬೇಕೆಂದೇ ತಡೆದು ಮಾಡಿದ.