ಇನ್ನೂರ ಐವತ್ತಾರನೇ ಹೊರೆ

"ನಾಕಾ? ವಾರಪೂರ್ತಿ ದುಡಿದು ನಾಕೇ ಹೊರೆ ಹೊತ್ತೀಯೇನೇ, ಬೋಸುಡಿ?"

ಸೂಪರ್‌ವೈಸರ್ ರುದ್ರಮುನಿ ಗಾದ್ರಮ್ಮನ ಕೊರಳಿನ ಕಾರ್ಡು ಹಿಡಿದು ಜಗ್ಗಿದ. ಅವಳ ತಲೆಯೂ ಜೊತೆಗೆ ಬಗ್ಗಿತು.

ಹೊನ್ನಾಳಿ ಹೊಳೆದಂಡೆಯ ಇಟ್ಟಿಗೆ ಭಟ್ಟಿ. ಹೊರೆಗೆ ಹತ್ತು ಇಟ್ಟಿಗೆ. ಹೊತ್ತು ಗೇಟು ದಾಟಿದರೆ ಮೇಲಿನ ಪೆಟ್ಟಿಗೆ ಕುಯ್ ಎಂದು ಕಾರ್ಡಿನ ಲೆಕ್ಕಕ್ಕೆ ಒಂದು ಸೇರಿಸುತ್ತದೆ. ಶನಿವಾರ ಸಂಜೆಗೆ ಇನ್ನೂರು ಮುಟ್ಟದವರು ಭಟ್ಟಿಯ ಗುಡಿಸಲು ಖಾಲಿ ಮಾಡಬೇಕು. ಗಾದ್ರಮ್ಮನ ಗುಡಿಸಲಲ್ಲಿ ಮಗಳು ಪೂಜಾ ಹನ್ನೊಂದು ದಿನದ ಬಾಣಂತಿ.

ಗಾದ್ರಮ್ಮ ತನ್ನ ಡಬ್ಬಿಯನ್ನು ಬೋರಲು ಹಾಕಿದಳು. ಹೊರೆಗೊಂದರಂತೆ ಕೂಡಿಟ್ಟ ಹುಣಸೆಬೀಜ ಉರುಳಿದವು.

"ಎಣಿಸ್ರಿ. ಇನ್ನೂರ ಅರವತ್ತು ಅದಾವೆ."

"ಕಂಪ್ಯೂಟರ್ ಸುಳ್ಳು ಹೇಳ್ತೈತಿ, ನಿನ್ ಹುಣಸೆಬೀಜ ನಿಜ ಹೇಳ್ತಾವಾ?" ರುದ್ರಮುನಿ ಬೀಜಗಳನ್ನು ಒದ್ದ.

ಪೆಟ್ಟಿಗೆ ನೋಡಿಕೊಳ್ಳುವ ದುರುಗೇಶ್ ತಲೆ ಕೆರೆದುಕೊಂಡ. "ಸಾರ್, ಅದ್ರಾಗೆ ಇನ್ನೂರ ಐವತ್ತೈದರ ತನಕ ಅಷ್ಟೇ ಜಾಗ ಐತ್ರಿ. ಇನ್ನೊಂದು ಹೆಚ್ಚಾದ್ರೆ ಸೊನ್ನೆಗೆ ಬಂದು ಮತ್ತೆ ಶುರು ಆಗ್ತೈತಿ. ಇಲ್ಲೀತನಕ ಯಾರೂ ಅಷ್ಟು ಹೊತ್ತಿರಲಿಲ್ಲ."

ಸಾವುಕಾರ ಹಾಲಸ್ವಾಮಿ ಕುರ್ಚಿಯಿಂದ ಏಳಲಿಲ್ಲ. "ರಿಪೇರಿ ಆಮೇಲೆ ನೋಡಾಣ. ಇದೊಂದ್ ವಾರ ಬಿಟ್ಟೀನಿ. ಬರೋ ಶನಿವಾರ ಪೆಟ್ಟಿಗೆ ಹೇಳಿದ್ದೇ ಲೆಕ್ಕ."

"ಹಂಗಾರೆ ಕಮ್ಮಿ ಹೊರ್ಲೇನ್ರಿ, ಸಾವ್ಕಾರ್ರೆ?"

"ಲಾರಿ ನಿಂತಾಗ ನೀ ಕುಂತ್ರೆ, ಅವತ್ತೇ ಗಂಟು ಕಟ್ಟು."

ಮುಂದಿನ ಶನಿವಾರ ಇಳಿಹೊತ್ತಿಗೆ ಗಾದ್ರಮ್ಮ ಗೇಟಿಗೆ ಒಂದು ಹೆಜ್ಜೆ ಈಚೆ ಗಕ್ಕನೆ ನಿಂತಳು. ಡಬ್ಬಿಯಲ್ಲಿ ಇನ್ನೂರ ಐವತ್ತೈದು ಬೀಜ, ಪೆಟ್ಟಿಗೆಯಲ್ಲೂ ಅಷ್ಟೇ. ತಲೆಯ ಮೇಲೆ ಹತ್ತು ಇಟ್ಟಿಗೆ. ಆಚೆ ಅರ್ಧ ತುಂಬಿದ ಲಾರಿ ಹಾರ್ನ್ ಹೊಡೆಯುತ್ತಿತ್ತು.

"ದಾಟೇ ಮುದುಕಿ," ಎಂದ ರುದ್ರಮುನಿ.

"ದಾಟಿದ್ರೆ ಸೊನ್ನೆ ಆಗ್ತೀನ್ರಿ."

"ನಿಂತ್ರೆ ಈಗ್ಲೇ ಹೊರಗೆ."

ಬೆನ್ನ ಹಿಂದೆ ಹೊರೆ ಹೊತ್ತು ನಿಂತಿದ್ದ ಶಿವಲೀಲಾ ಮೆಲ್ಲಗೆ ಅಂದಳು: "ನಂದು ಇನ್ನೂರ ಐವತ್ತು ಆಗೈತೆ ಕಣಕ್ಕ. ಸಂಜೆ ಒಳಗೆ ನಾನೂ ಸೊನ್ನೆನೇ."

ಗಾದ್ರಮ್ಮ ಕುಕ್ಕರಗಾಲಲ್ಲಿ ಕೂತಳು. ಇಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಗೇಟಿಗೆ ಅಡ್ಡಲಾಗಿ ಜೋಡಿಸಿದಳು. ಶಿವಲೀಲಾ ತನ್ನ ಹತ್ತನ್ನು ಅದರ ಮೇಲಿಟ್ಟಳು. ಅವಳ ಹಿಂದಿನವಳೂ ಇಟ್ಟಳು. ರುದ್ರಮುನಿ ಒದೆಯಲು ಎತ್ತಿದ ಕಾಲನ್ನು, ಸಾಲಿನಲ್ಲಿದ್ದ ಹೆಂಗಸರನ್ನು ನೋಡಿ ಕೆಳಗಿಟ್ಟ.

"ಅವಳ ಗುಡಿಸಲು ಕೀಳ್ರೋ," ಎಂದು ಇಬ್ಬರು ಆಳುಗಳನ್ನು ಅತ್ತ ಓಡಿಸಿದ.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ತಗಡು ಬಿದ್ದ ಸದ್ದು ಬಂತು, ಅದರ ಹಿಂದೆಯೇ ಕೂಸಿನ ಅಳು. ಗಾದ್ರಮ್ಮ ಒಮ್ಮೆ ತಿರುಗಿ ನೋಡಿದಳು. ಗೇಟಿಗೆ ಅಡ್ಡ ಎದ್ದ ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು.

ಅವಳು ಹಿಂದಕ್ಕೆ ಕೈ ಚಾಚಿದಳು. "ಇನ್ನೊಂದು ಕೊಡೇ."