ಚಿತ್ರದ ಕೆಳಗಿನ ಸಾಲು

ಮತ್ತೆ ಪಾದಗಳ ಮೇಲೆ ಬಿತ್ತು, ಬಿಳಿ ಪಟ್ಟಿ ಮತ್ತೆ ಪಾದಗಳ ಮೇಲೆಯೇ ಬಿತ್ತು, ಅಡ್ಡ ಫೋಟೋಗಳಲ್ಲಿ ಎಲ್ಲ ಸರಿಯಾಗಿದೆ, ತಗಡಿನ ಬಾಗಿಲು, ಬಾಗಿಲಲ್ಲಿ ಮನೆಯವರು, ಕೆಳಗೆ ಪಟ್ಟಿಯಲ್ಲಿ ಹೆಸರು, ಹೆಸರಿನ ಮುಂದೆ ಮರಾಠಿಯಲ್ಲಿ ಆ ಒಂದು ಪದ — ಉದ್ದ ಫೋಟೋಗಳಲ್ಲಿ ಮಾತ್ರ ಅದೇ ಪಟ್ಟಿ ದಪ್ಪಗಾಗಿ ಮೇಲೇರಿ ಮೊಣಕಾಲಿನವರೆಗೂ ನುಂಗಿಬಿಡುತ್ತದೆ, ಬಸ್ತಿ ತೆರವಿನ ಸರ್ವೆಗೆ ಹೋದ ಇಬ್ಬರಲ್ಲಿ ಒಬ್ಬ ಮೊಬೈಲನ್ನು ನೆಟ್ಟಗೆ ಹಿಡಿದ, ಇನ್ನೊಬ್ಬ ಅಡ್ಡ ಹಿಡಿದ, ಈಗ ಭಾಂಡುಪ್ ಗುಡ್ಡದ ನಮ್ಮ ಇಡೀ ಬಸ್ತಿ ನನ್ನ ಸ್ಕ್ರೀನಿನಲ್ಲಿ ಅರ್ಧ ಮಲಗಿದೆ, ಅರ್ಧ ನಿಂತಿದೆ. ಹಿಂದಿನಿಂದ ಮ್ಯಾನೇಜರ್ ಧನರಾಜ್ ಬಗ್ಗಿ ನೋಡುತ್ತಾರೆ, ಶಿವಕುಮಾರಿ, ಸಬ್ ಒಂದೇ ಥರ ಕಾಣ್ಬೇಕು ಮಾರಾಯ್ತಿ, ಬೋರ್ಡಿಗೆ ಅಂಟಿಸೋದು ಇದು, ಒಬ್ಬರ ಹೆಸರು ಮೇಲೆ ಒಬ್ಬರದು ಕೆಳಗೆ ಅಂತಾದ್ರೆ ಜನ ಅದಕ್ಕೂ ಜಗಳ ತೆಗೀತಾರೆ. ಹೌದು ಸರ್. ಅವರು ಕೆಟ್ಟವರಲ್ಲ, ಮಧ್ಯಾಹ್ನ ಕೆಳಗಿನ ಹೋಟೆಲಿನಿಂದ ಚಹಾ ತರಿಸಿದರೆ ನನಗೂ ಒಂದು ಹೇಳುತ್ತಾರೆ, ಗ್ರಾಂಟ್ ರೋಡಿನ ಈ ಮಾಳಿಗೆಗೆ ಸಾಂಬಾರಿನ ವಾಸನೆ ದಿನವಿಡೀ ಏರಿ ಬರುತ್ತದೆ, ಹಸಿವಾಗುತ್ತದೆ, ಇಂದು ಹಸಿವಿಲ್ಲ. ಪಟ್ಟಿಯನ್ನು ಚಿತ್ರದ ಮೇಲೆ ಹಾಕಬಾರದು, ಚಿತ್ರದ ಕೆಳಗೆ ಖಾಲಿ ಜಾಗ ಹುಟ್ಟಿಸಬೇಕು, ಮೊದಲು ಎಲ್ಲವನ್ನೂ ಒಂದೇ ಅಳತೆಯ ಚೌಕದೊಳಗೆ ಕೂರಿಸಬೇಕು, ಅಡ್ಡವಾದದ್ದಕ್ಕೆ ಮೇಲೆ ಕೆಳಗೆ ಬಿಳಿ, ಉದ್ದವಾದದ್ದಕ್ಕೆ ಎಡಬಲಕ್ಕೆ ಬಿಳಿ, ಆಮೇಲೆ ಚೌಕದ ಬುಡಕ್ಕೆ ಒಂದೇ ಎತ್ತರದ ಪಟ್ಟಿ, ಒಮ್ಮೆ ಕಲಿಸಿಕೊಟ್ಟರೆ ಸಾಫ್ಟ್‌ವೇರ್ ತಾನೇ ಒಂದೊಂದನ್ನೇ ಎತ್ತಿಕೊಂಡು, ಶೀಟಿನಿಂದ ಹೆಸರು ಓದಿಕೊಂಡು, ಬರೆದು, ಮುಂದಿನದಕ್ಕೆ ಹೋಗುತ್ತದೆ, ಅದಕ್ಕೆ ಯಾರ ಮುಖವೂ ಕಾಣುವುದಿಲ್ಲ.

ನನಗೆ ಕಾಣುತ್ತದೆ. ನೆರೆಮನೆಯ ಮುರಿಗೆಪ್ಪ ಕಾಕಾ ಬಂದರು, ಅಡ್ಡ ಫೋಟೋ, ಹೆಂಡತಿ ಮಕ್ಕಳು ಮೊಮ್ಮಕ್ಕಳು ಎಲ್ಲ ತುಂಬಿಕೊಂಡಿದ್ದಾರೆ, ಕೆಳಗೆ ಪಾತ್ರ — ಎಂದರೆ ಗುಡ್ಡ ಖಾಲಿ ಮಾಡಿಸಿದ ಮೇಲೆ ಅವರಿಗೆ ಬಿಲ್ಡಿಂಗಿನಲ್ಲಿ ಮನೆ ಉಂಟು, ನಲ್ಲಿ, ಲಿಫ್ಟು, ಒಳಗೇ ಪಾಯಿಖಾನೆ. ಒಳ್ಳೆಯದಾಯಿತು ಕಾಕಾ, ನಿಜವಾಗಿ ಖುಷಿಯಾಯಿತು, ಆ ಖುಷಿ ಇನ್ನೂ ಎದೆಯಲ್ಲಿರುವಾಗಲೇ ಮುಂದಿನ ಫೋಟೋ ತೆರೆದುಕೊಂಡಿತು, ಉದ್ದ ಫೋಟೋ, ನಮ್ಮ ಬಾಗಿಲು, ನಮ್ಮ ನೀಲಿ ಡ್ರಮ್ಮು, ಅವ್ವ. ಅವ್ವ ಇಳಕಲ್ ಸೀರೆ ಉಟ್ಟಿದ್ದಾಳೆ, ಪೆಟ್ಟಿಗೆಯಿಂದ ತೆಗೆದ ಮಡಿಕೆಗಳು ಹಾಗೇ ಎದ್ದು ಕಾಣುತ್ತವೆ, ಒಂದು ಕೈ ಚೌಕಟ್ಟಿನ ಮೇಲೆ, ಚಪ್ಪಲಿ ಬಿಟ್ಟಿದ್ದಾಳೆ, ಫೋಟೋಕ್ಕೆ ಯಾರಾದರೂ ಚಪ್ಪಲಿ ಬಿಡುತ್ತಾರೇನವ್ವಾ ಎಂದು ಅಂದು ರಾತ್ರಿ ನಕ್ಕಿದ್ದೆ, ಮನೀ ಕೊಡೋರ ಮುಂದ ಚಪ್ಪಲಿ ಹಾಕ್ಕೊಂಡು ನಿಂದರತಾರೇನ ಎಂದಿದ್ದಳು. ಹಾಲವ್ವ ಭೀಮರಾಯ, ಅಪಾತ್ರ. ಹಾಲವ್ವ ಭೀಮರಾಯ, ಅಪಾತ್ರ — ಇಲ್ಲ, ಸಾಲು ತಪ್ಪಿರಬೇಕು, ಒಂದು ಸಾಲು ಸರಿದರೆ ಒಬ್ಬರ ಹೆಸರು ಇನ್ನೊಬ್ಬರ ಮುಖದ ಕೆಳಗೆ ಬೀಳುವುದುಂಟು, ಶೀಟ್ ತೆಗೆದೆ, ಸಾಲು ಸರಿಯಾಗಿಯೇ ಇದೆ, ಪಕ್ಕದ ಕಾಲಮಿನಲ್ಲಿ ಕಾರಣ, ದಾಖಲೆಯಲ್ಲಿ ಹೆಸರು ಬೇರೆ. ಅಪ್ಪನ ಹೆಸರು. ಹಳೆಯ ಪಾವತಿ ಚೀಟಿಯಲ್ಲಿ ಯಾವನೋ ಮರಾಠಿ ಕ್ಲರ್ಕು ಭೀಮರಾವ್ ಎಂದು ಬರೆದುಕೊಂಡ, ರೇಷನ್ ಕಾರ್ಡಿನಲ್ಲಿ ಭೀಮರಾಯ, ಅಪ್ಪ ಬದುಕಿದ್ದರೆ ತಾನೇ ಹೋಗಿ ಸಾಹೇಬ್ರ ಎರಡೂ ನಾನ ರೀ ಎನ್ನುತ್ತಿದ್ದ, ಮುಲುಂಡಿನ ಟವರ್ ಕಟ್ಟುವಾಗ ಸೆಂಟ್ರಿಂಗ್ ಕುಸಿದು ಹೋದವನು ಎಲ್ಲಿಂದ ಬಂದು ಹೇಳಬೇಕು, ಈಗ ಅದೇ ಟವರಿನಲ್ಲಿ ಅವ್ವ ಪಾತ್ರೆ ತಿಕ್ಕುತ್ತಾಳೆ. ಪಾತ್ರ ಅಂದ್ರ ಪಾತ್ರಿ ಅಲ್ಲೇನ, ನಾ ಅಂತೂ ಪಾಸ್ ಬಿಡು, ನನ್ನಷ್ಟು ಪಾತ್ರಿ ಈ ಗುಡ್ಡದಾಗ ಯಾರ ತಿಕ್ಕ್ಯಾರ ಎಂದು ಅವ್ವ ಸರ್ವೆಯ ದಿನ ಬಾಯಿ ಮುಚ್ಚಿಕೊಂಡು ನಕ್ಕಳಲ್ಲ, ಆ ನಗು.

ಸರ್, ಇದೊಂದು ತಪ್ಪಿದೆ ಎಂದೆ, ಇವರು ನಮ್ಮ ತಾಯಿ. ಧನರಾಜ್ ಕುರ್ಚಿ ಎಳೆದುಕೊಂಡು ಕೂತರು, ಫೋಟೋ ನೋಡಿದರು. ನೋಡು, ನಿರ್ಧಾರ ಆಗೋದು ಅಲ್ಲಿ ಸರ್ಕಾರಿ ಆಫೀಸಲ್ಲಿ, ನಮ್ಮದು ಬರೀ ಫೋಟೋ ಮತ್ತು ಕ್ಯಾಪ್ಶನ್, ಅಪೀಲ್ ಹಾಕ್ಬಹುದು, ಹಾಕು, ಆದ್ರೆ ಆಸೆ ಇಟ್ಕೊಳ್ಬೇಡ, ನಾನು ಸುಳ್ಳು ಹೇಳೋದಿಲ್ಲ. ಎದ್ದು, ಇವತ್ತು ಸಂಜೆ ಪ್ರಿಂಟಿಗೆ ಹೋಗ್ಬೇಕು ಎಂದು ತಮ್ಮ ಮೇಜಿಗೆ ಹೋದರು, ಬೆನ್ನು ತಿರುಗಿಸಿಯೇ ಕೂತರು, ನನಗೆ ಬೇಕೆಂದೇ ಬೆನ್ನು ತಿರುಗಿಸಿದರೇನೋ ಎನಿಸಿತು, ಬ್ಯಾಚ್ ನಿಲ್ಲಿಸಿದೆ, ಅವ್ವನ ಸಾಲಿಗೆ ಹೋದೆ, ಕರ್ಸರನ್ನು ಪದದ ಮೊದಲಿಗಿಟ್ಟು ಒಂದು ಅಕ್ಷರ ಅಳಿಸಿದೆ, ಅಷ್ಟೇ, ಒಂದೇ ಅಕ್ಷರ, ಅ ಹೋಯಿತು, ಪಾತ್ರ ಉಳಿಯಿತು. ಹಾಲವ್ವ ಭೀಮರಾಯ, ಪಾತ್ರ. ಎಷ್ಟು ಚೆನ್ನಾಗಿ ಕೂತಿತ್ತು ಚೌಕದ ಕೆಳಗೆ, ಪಾದಗಳೂ ಪೂರ್ತಿ ಕಾಣುತ್ತಿದ್ದವು, ಹಿಮ್ಮಡಿಯ ಒಡಕೂ — ಕಣ್ಣು ತುಂಬಿ ಸ್ಕ್ರೀನು ಕರಗಿಹೋಯಿತು, ಕರಗಿದ ಸ್ಕ್ರೀನಿನಲ್ಲೇ ಮುಂದಿನದೆಲ್ಲ ಕಂಡಿತು, ಬೋರ್ಡು ನೋಡಿದವರು ಬಂದು ಹೇಳುತ್ತಾರೆ, ಅವ್ವ ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ, ಟವರಿನ ಮನೆಯೊಡತಿ ಬಾಯಿಯರಿಗೂ ಹೇಳುತ್ತಾಳೆ, ಆಮೇಲೊಂದು ದಿನ ಚಾವಿ ಇಸಿದುಕೊಳ್ಳಲು ಇಳಕಲ್ ಸೀರೆ ಉಟ್ಟು ಸಾಲಿನಲ್ಲಿ ನಿಲ್ಲುತ್ತಾಳೆ, ಬರಿಗಾಲಲ್ಲಿ, ಅಲ್ಲಿನ ಕಾಗದದಲ್ಲಿ ಅ ಹಾಗೇ ಇರುತ್ತದೆ, ಏಯ್ ಮಾವಶಿ ಸರಕೋ ಎಂದು ಸಾಲಿನಿಂದ ಆಚೆ ಸರಿಸುತ್ತಾರೆ. ನಾನು ಅಳಿಸಿದ್ದು ಬರೀ ಚಿತ್ರದ ಕೆಳಗಿನದು. ಕರ್ಸರು ಮಿಣುಕುತ್ತಿತ್ತು, ಉಳಿದವರ ಹಣೆಬರಹವನ್ನೆಲ್ಲ ಸಾಫ್ಟ್‌ವೇರೇ ಶೀಟಿನಿಂದ ಎತ್ತಿ ಬರೆಯುತ್ತದೆ, ಪಾತ್ರವೋ ಅಪಾತ್ರವೋ, ಯಾರದನ್ನೂ ನಾನು ಮುಟ್ಟಲಿಲ್ಲ, ಅವ್ವನ ಅ ಒಂದನ್ನು ಮಾತ್ರ ನನ್ನ ಕೈಯಾರೆ ಮತ್ತೆ ಟೈಪ್ ಮಾಡಿದೆ. ರನ್ ಒತ್ತಿದೆ. ಎಲ್ಲ ಒಂದೇ ಥರ ಬಂದವು. ಧನರಾಜ್ ಹಿಂದಿನಿಂದ ನೋಡಿ, ಹಾಂ, ಪರ್ಫೆಕ್ಟ್ ಎಂದರು, ಎಂದವರೇ ನಾಲಿಗೆ ಕಚ್ಚಿಕೊಂಡರು.

ದಾದರಿನ ಸೇತುವೆಯ ಮೇಲೆ ಅವ್ವನ ಫೋನು, ಯವ್ವಾ ನನ್ನ ಫೋಟೋ ಬಂತೇನ, ಚಲೋ ಬಂದದೇನ, ಚಲೋ ಬಂದದವ್ವಾ, ಕಾಲು ಸುದ್ದಾ ಬಂದಾವು ಎಂದೆ, ಲೋಕಲ್ಲಿನಲ್ಲಿ ಹೆಂಗಸರ ನಡುವೆ ಒತ್ತಿಕೊಂಡು ನಿಂತು ಹೇಳಬೇಕಾದ ಮಾತನ್ನು ಜೋಡಿಸಿದೆ, ಕುರ್ಲಾ ದಾಟಿತು, ಘಾಟ್ಕೋಪರ್ ದಾಟಿತು, ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಹೊಸಾ ಮನ್ಯಾಗ ರೊಟ್ಟಿ ಬಡದ್ರ ಕೆಳಗಿನ ಮಾಳಿಗಿಯವ್ರು ಬೈತಾರೇನ ಎಂದು ಕೇಳಿದಳು, ತಟ್ಟೆ ತಗೊಂಡು ಕೂತೆ. ಈಗ ಬೆಳಿಗ್ಗೆ, ಗುಡ್ಡದ ಬುಡದ ಬೋರ್ಡಿನ ಮುಂದೆ ಜನ ಕಿಕ್ಕಿರಿದಿದ್ದಾರೆ, ಯಾರೋ ಸೀಟಿ ಹೊಡೆದರು, ಯಾರೋ ನೆಲಕ್ಕೆ ಕುಸಿದು ಕೂತರು, ಮುರಿಗೆಪ್ಪ ಕಾಕಾ ಓದಿಸಿಕೊಂಡು ಬಂದು ಹೆಂಡತಿಯ ಕೈ ಹಿಡಿದುಕೊಂಡಿದ್ದಾರೆ, ನಮ್ಮ ಕಡೆ ನೋಡುತ್ತಿಲ್ಲ, ಅವರಿಗೆ ಗೊತ್ತಾಗಿದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಮುಂದೆ ಹೋದಳು, ಹಾದಿ ಬಿಡ್ರಿ, ಇದನ್ನ ಮಾಡಿದಾಕಿ ನನ್ನ ಮಗಳ, ಸೀರೆಯಿಂದ ತನ್ನನ್ನು ಗುರುತು ಹಿಡಿದಳು, ಅಯ್ಯ ಎಷ್ಟ್ ಮುದುಕಿ ಆಗೀನಿ ಎಂದು ಮುಖವನ್ನು ಮುಟ್ಟಿದಳು, ಪಕ್ಕದ ಕಾಕಾನ ಚಿತ್ರ ನೋಡಿದಳು, ಕೆಳಗಿನ ಸಾಲಿನ ಕೊನೆಯ ಪದ ನೋಡಿದಳು, ಮತ್ತೆ ತನ್ನದಕ್ಕೆ ಬಂದಳು, ಓದು ಬಾರದ ಅವ್ವ ಎರಡನ್ನೂ ಅಳೆದು ನೋಡಿದಳು. ಅವರಿಗಿಂತ ನಮಗ ಒಂದ್ ಅಕ್ಷರ ಹೆಚ್ಚಿಗಿ ಅದಲ್ಲವ್ವಾ, ಏನಂತ ಬರದದ, ಓದು. ಹೇಳಬೇಕು, ಅಪೀಲಿನ ಮಾತು ಮೊದಲು ಹೇಳಬೇಕು, ಅವ್ವಾ ಮೊದಲು ಮನೆಗೆ ನಡಿ ಎನ್ನಬೇಕು, ಬೆರಳು ಆ ಅಕ್ಷರದ ಮೇಲಿದೆ, ಸೋಪಿನ ನೀರಿಗೆ ತುದಿ ಬೆಳ್ಳಗೆ ಸುಕ್ಕಾದ ಬೆರಳು, ಅಪ್ಪನ ಹೆಸರು ಎನ್ನಬೇಕು, ಹೆಸರೊಂದು ತಪ್ಪಾಗಿದೆ ಎನ್ನಬೇಕು, ಹಿಂದಿನವರು ನೂಕುತ್ತಿದ್ದಾರೆ, ಓದವ್ವಾ ಎನ್ನುತ್ತಿದ್ದಾಳೆ, ಬೆರಳು ಅಲ್ಲಿಂದ ಏಳುತ್ತಿಲ್ಲ, ಸುಕ್ಕಾದ ಬೆಳ್ಳನೆ ತುದಿ, ಅದರ ಕೆಳಗೆ ಅ, ಬೆರಳು —