ಬೆರಳೆತ್ತಿದರೆ ಗಟ್ಟಿಮೇಳ

"ಅಪ್ಪ, ನಾನು ತಿರುಗಿ ನೋಡಿದಾಗ ಊದು, ಅಷ್ಟೇ," ಎಂದು ಮೇಘನ ಬಸ್ಸಿನಲ್ಲಿ ಮೂರನೇ ಸಲ ಹೇಳಿದಳು.

ಚನ್ನರಾಯಪ್ಪ ತೊಡೆಯ ಮೇಲಿನ ಸ್ಯಾಕ್ಸೋಫೋನ್ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ವಕ್ಕಲೇರಿ ಸುತ್ತಮುತ್ತ ಮೂವತ್ತು ವರ್ಷ ಮದುವೆಗಳಿಗೆ ಊದಿದವನಿಗೆ ಇವತ್ತೇ ಅಂಗೈ ಬೆವರಿದ್ದು. ಕೋಲಾರದ ಕಾಲೇಜಿನಲ್ಲಿ ಮಗಳು ಜಾಝ್ ಸಂಗೀತದ ಬಗ್ಗೆ ಮಾತಾಡುವವಳು, ಅಪ್ಪ ನುಡಿಸಿ ತೋರಿಸಬೇಕು. "ಓಲಗದವರ ಹುಡುಗಿ" ಎಂದು ಕಿಸಕ್ಕನೆ ನಗುವವರ ಮುಂದೆ ಅವಳೇ ಹಟ ಹಿಡಿದು ಒಪ್ಪಿಕೊಂಡ ಕೆಲಸ. ತಾನು ಎಡವಿದರೆ ಆ ನಗು ಅವಳ ಬೆನ್ನು ಬಿಡುವುದಿಲ್ಲ.

ಒಂದು ವಾರ ಮೊಬೈಲಿನಲ್ಲಿ ಜಾಝ್ ಕೇಳಿದ್ದ. "ಇವರು ಹಾಡು ಬಿಟ್ಟು ಎಲ್ಲೋ ಹೋಗಿ, ನೆಂಟರ ಮನೇಲಿ ಉಂಡು, ನಿಧಾನಕ್ಕೆ ವಾಪಸ್ ಬರ್ತಾರೆ ಕಣೇ," ಎಂದಿದ್ದ.

"ಅದೇ ಅಪ್ಪ ಜಾಝ್ ಅಂದ್ರೆ," ಎಂದಿದ್ದಳು.

ಹಿಂದಿನ ಸೀಟಿನಲ್ಲಿ ಡೋಲಿನ ದೊಡ್ಡಮುನಿಯಪ್ಪ ಕೂತಿದ್ದ. "ಮಾಮ, ನೀವು ಮಾತ್ರ ಮೆತ್ತಗೆ ಬಾರ್ಸಿ," ಎಂದಳು.

"ಮೆತ್ತಗೆ ತಟ್ಟೋಕೆ ಇದೇನು ಮಗು ಬೆನ್ನೇನವ್ವ?"

ಸಭಾಂಗಣ ತುಂಬಿತ್ತು. ಮೇಘನ ಚೆನ್ನಾಗಿಯೇ ಶುರುಮಾಡಿದಳು. ಅಮೆರಿಕದ ನ್ಯೂ ಆರ್ಲಿಯನ್ಸ್ ಊರು, ಗುಲಾಮರ ಮಕ್ಕಳು ಮೊಮ್ಮಕ್ಕಳಾದ ಕಪ್ಪು ಜನ, ಅವರ ಬೀದಿ ಬ್ಯಾಂಡುಗಳು. ಸತ್ತವರನ್ನು ಒಯ್ಯುವಾಗ ನಿಧಾನ, ಮಣ್ಣು ಮಾಡಿ ಬರುವಾಗ ಕುಣಿತ.

"ನಮ್ ಕಡೆಯೋರೇ ಇರ್ಬೇಕು," ಎಂದು ದೊಡ್ಡಮುನಿಯಪ್ಪ ಪಿಸುಗುಟ್ಟಿದ.

"ಒಂದೇ ಒಂದು ಮಾತು ನೆನಪಿಟ್ಕೊಳ್ಳಿ," ಎನ್ನುತ್ತಾ ಮೇಘನ ತೋರುಬೆರಳೆತ್ತಿದಳು.

ನಲವತ್ತು ವರ್ಷ ಪುರೋಹಿತರ ಬೆರಳನ್ನೇ ಕಾದವನು ದೊಡ್ಡಮುನಿಯಪ್ಪ. ತಾಳಿ ಕಟ್ಟುವ ಹೊತ್ತಿಗೆ ಆ ಬೆರಳು ಮೇಲೆದ್ದರೆ ಗಟ್ಟಿಮೇಳ. ಯಾರ ಸೀನೂ ವಧೂವರರ ಕಿವಿಗೆ ಬೀಳಬಾರದು. ಡೋಲು ಸಿಡಿಯಿತು. ಚನ್ನರಾಯಪ್ಪನ ತುಟಿಯೂ ಬುದ್ಧಿಗಿಂತ ಮುಂಚೆ ಓಡಿತು. ಇಬ್ಬರೂ ಸೇರಿ ಛಾವಣಿ ಹಾರುವಂತೆ ಬಾರಿಸಿಬಿಟ್ಟರು. ತಪ್ಪು ತಿಳಿಯುವಷ್ಟರಲ್ಲಿ ಮಗಳ ಮುಖ ಕೆಂಪಾಗಿತ್ತು. ಆದರೆ ಗಟ್ಟಿಮೇಳವನ್ನು ಅರ್ಧಕ್ಕೆ ನಿಲ್ಲಿಸಿ ಅವನಿಗೆ ಗೊತ್ತಿಲ್ಲ.

ಮುಂದಿನ ಸಾಲಿನಲ್ಲಿದ್ದ ಪ್ರಾಂಶುಪಾಲೆ ಶ್ಯಾಮಲಮ್ಮನವರ ಕೈ ತಾನಾಗಿಯೇ ಮಡಿಲಿನ ಹೂಗುಚ್ಛಕ್ಕೆ ಹೋಯಿತು. ಎಸಳು ಕಿತ್ತು ಅಕ್ಷತೆಯಂತೆ ವೇದಿಕೆಗೆ ಎರಚಿದರು. ಎರಚಿದ ಮೇಲೆ ಎಚ್ಚರವಾಗಿ ಸೆರಗನ್ನು ಬಾಯಿಗಿಟ್ಟುಕೊಂಡರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು; ಮೇಘನಳಿಗೂ ನಗು ತಡೆಯಲಾಗಲಿಲ್ಲ.

"ಕೇಳಿಸ್ತಲ್ಲ?" ಎಂದು ಮೈಕು ಹಿಡಿದಳು. "ಮೊದಮೊದಲ ಜಾಝ್ ಹಿಂಗೇ, ಎಲ್ರೂ ಒಟ್ಟಿಗೆ. ಆಮೇಲೆ ಕುಣಿಸೋ ದೊಡ್ಡ ಬ್ಯಾಂಡುಗಳು ಬಂದ್ವು. ಅದಾದ್ಮೇಲೆ ನಾಲ್ಕೈದು ಜನ ಸಾಕು ಅಂತಾಯ್ತು, ಒಬ್ಬೊಬ್ಬರೇ ತಮ್ಮ ಕತೆ ಹೇಳೋಕೆ. ಈಗ ನಮ್ಮಪ್ಪ ಹೇಳ್ತಾರೆ."

ತಿರುಗಿ ನೋಡಿದಳು.

ಮೊಬೈಲಿನಿಂದ ಕಲಿತದ್ದೆಲ್ಲ ಅವನ ತಲೆಯಿಂದ ಹಾರಿಹೋಗಿತ್ತು. ಹೆಣ್ಣು ಮಂಟಪಕ್ಕೆ ಬರುವಾಗ ನುಡಿಸುವ ಮೋಹನ ರಾಗ ಹಿಡಿದ. ಹಿಡಿದದ್ದನ್ನು ಬಿಟ್ಟು ಹೊರಟ. ಟೊಮ್ಯಾಟೊ ಮಾರುಕಟ್ಟೆಯ ಹರಾಜಿನ ಕೂಗು, ವಕ್ಕಲೇರಿ ಬಸ್ಸಿನ ಹಾರ್ನು ಎಲ್ಲವನ್ನೂ ಮಾತಾಡಿಸಿಕೊಂಡು ಸುತ್ತಿದ. ದೊಡ್ಡಮುನಿಯಪ್ಪ ಕಡೆಗೂ ಡೋಲನ್ನು ಮಗುವಿನ ಬೆನ್ನಿನಂತೆ ತಟ್ಟುತ್ತಿದ್ದ. ಉಂಡು ತಣಿದವನಂತೆ ಚನ್ನರಾಯಪ್ಪ ನಿಧಾನವಾಗಿ ಮೋಹನಕ್ಕೆ ಮರಳಿದ.

ಚಪ್ಪಾಳೆ ನಿಂತ ಮೇಲೆ, "ಓಲಗದವರ ಹುಡುಗಿ" ಎಂದು ಕಿಸಕ್ಕನೆ ನಗುತ್ತಿದ್ದವರ ಸಾಲಿನಿಂದಲೇ ಪವಿತ್ರ ಎಂಬ ಹುಡುಗಿ ಎದ್ದು ನಿಂತಳು. "ಅಂಕಲ್, ಆ ಗಟ್ಟಿಮೇಳ ಇನ್ನೊಂದ್ಸಲ."

ಚನ್ನರಾಯಪ್ಪ ಮಗಳ ಕಡೆ ನೋಡಿದ. ಮೇಘನ ಬೇಕೆಂದೇ, ಎಲ್ಲರಿಗೂ ಕಾಣುವ ಹಾಗೆ, ಬೆರಳೆತ್ತಿದಳು.